ಹತ್ತು ಕ್ವಿಂಟಲ್ ಹೋರಿ

"ಕಟ್ರಿ ಅವನ್ನ!" ಎಂದ ಮಹಾರುದ್ರಪ್ಪ.

ಹೋರಿ ಮೇಯಿಸುವ ಆಳು ದೇವಿಂದ್ರಪ್ಪನನ್ನು ಬೇವಿನ ಮರಕ್ಕೆ ಕಟ್ಟಿದರು. ಹೋರಿಯ ಹಗ್ಗವೇ ಒದಗಿತು. ಹೋರಿಗೆ ಈಗ ಅದು ಬೇಕಿರಲಿಲ್ಲ. ಅದು ನೆಲಕ್ಕೊರಗಿ, ಜೊಲ್ಲು ಸುರಿಸುತ್ತ ಗಡಗಡ ನಡುಗುತ್ತಿತ್ತು.

ಅಂತಿಂಥ ಹೋರಿಯಲ್ಲ. ಹತ್ತು ಕ್ವಿಂಟಲ್ ತೂಕದ ದೇವಣಿ ತಳಿಯ ಹೋರಿ. ಹುಮನಾಬಾದಿನ ಕಾಟಾದ ಮೇಲೆ ತೂಗಿಸಿ ತಂದ ದಿನದಿಂದ ಮಹಾರುದ್ರಪ್ಪ ಮೋರಖಂಡಿಯ ಕಟ್ಟೆಕಟ್ಟೆಗೂ ಹೋಗಿ ಹಾಗೆಂದು ಸಾರಿದ್ದ. ಕಾಟಾದ ಬಳಿಗೆ ಯಾರನ್ನೂ ಬಿಟ್ಟುಕೊಂಡಿರಲಿಲ್ಲ, ಅದು ಬೇರೆ ಮಾತು. "ಅಷ್ಟು ಇರಲಿಕ್ಕಿಲ್ರಿ" ಎಂದಿದ್ದ ದೇವಿಂದ್ರಪ್ಪನಿಗೆ ಮೊನ್ನೆ ಊರೆದುರೇ ಕೆನ್ನೆಗೆ ಬಿದ್ದಿತ್ತು.

ಆ ಸಿಟ್ಟಿಗೇ ಅವನು ವಿಷ ಹಾಕಿದ್ದಾನೆ ಎಂದು ಮಹಾರುದ್ರಪ್ಪನಿಗೆ ಖಾತ್ರಿಯಾಗಿತ್ತು. ಇಂಥವರಿಗೆ ಇನ್ನೇನು ಬರುತ್ತದೆ? ಬೆಳಿಗ್ಗೆ ಜಂತಿನ ಔಷಧವನ್ನು ಬಿದಿರಿನ ಗೊಟ್ಟದಲ್ಲಿ ಹೋರಿಯ ಗಂಟಲಿಗೆ ಸುರಿದವನೂ ಅವನೇ.

"ಪೊಲೀಸರ ಕೈಗೆ ಕೊಡ್ತೀನಿ ಮಗನ. ಹೆಂಡ್ತಿ ಮಕ್ಳ ಸಮೇತ ಊರು ಬಿಡಸ್ತೀನಿ."

"ನೀವು ತಂದದ್ದೇ ಹಾಕೀನ್ರಿ. ಇಷ್ಟು ಭಾಳ ಆಗಂಗಿಲ್ಲೇನ್ರಿ ಅಂತ ಕೇಳೀನಿ ಭಿ."

"ಡಾಕ್ಟರಕಿಂತ ಶಾಣ್ಯಾ ಏನಲೇ ನೀ?"

ಮುಡಬಿಗೆ ಹೊರಟಿದ್ದ ದನದ ಡಾಕ್ಟರ್ ಜಲಾಲುದ್ದೀನರನ್ನು ರಸ್ತೆಯಲ್ಲೇ ತಡೆದು ಕರೆತಂದರು. ಅವರು ಹೋರಿಯನ್ನು ನೋಡಿದರು. ಮರಕ್ಕೆ ಕಟ್ಟಿದವನನ್ನೂ ನೋಡಿದರು. ಸೂಜಿ ತೆಗೆದು ಕೈಯಲ್ಲೇ ಹಿಡಿದು ನಿಂತರು.

"ಸಾವ್ಕಾರ್ರ, ಹತ್ತು ಕ್ವಿಂಟಲ್ ಅಂತ ಹೇಳಿ ನಿನ್ನೆ ನನ್ನ ಕಡಿಂದ ಔಷಧ ಒಯ್ದ್ರಿ. ಅಷ್ಟು ತೂಕ ಇದ್ರ ಔಷಧ ಬರಾಬರ್ ಅದ. ಹಂಗಾದ್ರ ಇದು ವಿಷಾನೇ, ನನ್ನ ಹತ್ರ ಇಲಾಜ್ ಇಲ್ಲ. ತೂಕ ಕಮ್ಮಿ ಇದ್ರ ಔಷಧ ಜಾಸ್ತಿ ಆಗ್ಯಾದ. ಈ ಸೂಜಿಗೆ ಉಳೀತದ. ಖರೇ ಹೇಳ್ರಿ, ಎಷ್ಟದ?"

ಸುತ್ತ ನೆರೆದ ಊರು ಕಿವಿ ನಿಮಿರಿಸಿತು. ಮಹಾರುದ್ರಪ್ಪ ಮೀಸೆ ಮುಟ್ಟಿಕೊಂಡ. ಥಟ್ಟನೆ ದಾರಿ ಹೊಳೆಯಿತು. ಮರಕ್ಕೆ ಕಟ್ಟಿಸಿಕೊಂಡವನು ತನ್ನ ಜೀವಕ್ಕಾಗಿಯಾದರೂ ಕಮ್ಮಿ ಎಂದೇ ಎನ್ನುತ್ತಾನೆ. ಹೋರಿಯೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

"ಅವನ್ನೇ ಕೇಳ್ರಿ. ಮೇಸಾಂವ ಅವ."

ದೇವಿಂದ್ರಪ್ಪ ಊದಿದ ಕೆನ್ನೆಯನ್ನು ಭುಜಕ್ಕೆ ಒರೆಸಿಕೊಂಡ.

"ಹತ್ತೇ ಅದ್ರಿ. ಸಾವ್ಕಾರ್ರು ಸುಳ್ಳು ಹೇಳ್ತಾರೇನ್ರಿ?"

ಡಾಕ್ಟರರು ಸೂಜಿಯನ್ನು ಚೀಲಕ್ಕೆ ಹಾಕಿ ಹೊರಟರು.

"ಮೂರೂವರಿ!" ಎಂದು ಅರಚಿದ ಮಹಾರುದ್ರಪ್ಪ, ಮೋರಖಂಡಿಯ ಕೊನೇ ಮನೆಗೂ ಕೇಳುವಂತೆ.