ಬೆವರದ ಹಣೆ

ಕಂಕುಳಡಿಯ ಬೆವರಿನ ಕಲೆ ಯಾರಿಗಾದರೂ ಕಂಡುಬಿಟ್ಟರೆ? ಬೆಳಗಿನಿಂದ ಅವಳಿಗೆ ಅದೊಂದೇ ಚಿಂತೆ. ಪದವಿ ಮುಗಿಸಿ ಗಾರ್ಮೆಂಟ್ಸಿನ ಇಸ್ತ್ರಿ ವಿಭಾಗದಲ್ಲಿ ಅಂಗಿಗಳಿಗೆ ಟ್ಯಾಗ್ ಹಾಕುತ್ತಿದ್ದ ಹುಡುಗಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡೇ ಕೆಲಸ ಮಾಡುತ್ತಿದ್ದಳು, ರೆಕ್ಕೆ ಕಟ್ಟಿದ ಕೋಳಿಯ ಹಾಗೆ.

ಹೊರಗೆ ಗಾಳಿಯೇ ಹಿಂಡದ ಬಟ್ಟೆಯಂತಿತ್ತು. ಒಳಗೆ ಸಾಲು ಇಸ್ತ್ರಿಪೆಟ್ಟಿಗೆಗಳ ಹಬೆ. ಗಾಯದ ಮೇಲೆ ಬರೆ ಎಳೆದಂತೆ ಸೂಪರ್‌ವೈಸರ್ ಒಂದು ನೀರಿನ ಕೂಲರ್ ತಂದಿಟ್ಟಿದ್ದ. ಅದರ ತಂಪು ಸೋರಿಹೋಗಬಾರದೆಂದು ಕಿಟಕಿಗಳಿಗೆಲ್ಲ ಚಿಲಕ! ಅವತ್ತಿನಿಂದ ಬೆನ್ನ ಹಿಂದೆ ಅವನ ಹೆಸರು ‘ಕೂಲರಣ್ಣ’. ನೀರು ಕುಡಿದು ಹೊಟ್ಟೆ ಬಿರಿದ ಗಾಳಿಗೆ ಇವರ ಬೆವರು ಹೀರಲು ಜಾಗವೆಲ್ಲಿ? ಬೆವರು ಸುರಿಯುತ್ತಿತ್ತು, ಆರುತ್ತಿರಲಿಲ್ಲ. ಆರದ ಬೆವರಿಗೆ ಮೈ ತಣಿಯುವುದುಂಟೇ?

ಮಧ್ಯಾಹ್ನ ಯಜಮಾನರು ಕಾರಿನಲ್ಲಿ ಬಂದಿಳಿದರು. “ಏನ್ರೀ ಇದು, ಎಲ್ಲರೂ ತೊಯ್ದು ತೊಪ್ಪೆಯಾಗಿದ್ದಾರೆ?”

“ಮೈಗಳ್ಳರಿಗೆ ಬೆವರು ಜಾಸ್ತಿ ಸಾರ್,” ಎಂದ ಕೂಲರಣ್ಣ, ತನ್ನ ಕತ್ತು ಒರೆಸಿಕೊಳ್ಳುತ್ತ. “ಕೂಲರ್ ಪಕ್ಕದಲ್ಲಿರೋ ಈ ಅಮ್ಮನ್ನ ನೋಡಿ. ಹಣೆ ಮೇಲೆ ಒಂದು ಹನಿ ಇದ್ಯಾ? ಕೆಲಸ ಅಂದ್ರೆ ಇದು, ಕೂಲರ್ ಅಂದ್ರೆ ಅದು!”

ಆ ಅಮ್ಮ ಹುಡುಗಿಯ ಚಿಕ್ಕಮ್ಮ. ಬೆಳಗ್ಗೆ ನಲ್ಲಿ ಬಿಟ್ಟಂತೆ ಸುರಿಯುತ್ತಿದ್ದ ಹಣೆ ಈಗ ಒಣಗಿ, ಕಾದ ಹೆಂಚಿನಂತೆ ಕೆಂಪೇರಿತ್ತು.

“ಭೇಷ್! ಏನಮ್ಮಾ, ತಂಪಾಗಿದೆಯಾ?” ಎಂದರು ಯಜಮಾನರು.

“ಹೂಂ... ಮಗೂಗೆ ಸ್ಕೂಲಿಗೆ ಹೊತ್ತಾಯ್ತು... ಅಂಗಿ ಎಲ್ಲಿಟ್ರಿ?” ಚಿಕ್ಕಮ್ಮ ಬರೀ ಮೇಜಿಗೆ ಇಸ್ತ್ರಿ ಹಾಕತೊಡಗಿದಳು.

“ನೋಡಿದ್ರಾ ಸಾರ್, ತಮಾಷೆ ಮಾಡೋಷ್ಟು ಆರಾಮು!” ಕೂಲರಣ್ಣ ಹಲ್ಲು ಕಿರಿದ. ಯಜಮಾನರು ಇನ್ನೊಂದು ಕೂಲರ್ ಮಂಜೂರು ಮಾಡಿದರು.

ಹುಡುಗಿ ಓಡಿಹೋಗಿ ಚಿಕ್ಕಮ್ಮನ ಕತ್ತು ಮುಟ್ಟಿದಳು. ಕೈ ಚುರ್ ಎಂದಿತು. ಕೆಲಸಕ್ಕೆ ಸೇರಿದಾಗಿನಿಂದ ‘ಹೂಂ ಸಾರ್’ ಬಿಟ್ಟು ಬೇರೆ ಮಾತು ಆಡದವಳು ಚಿಕ್ಕಮ್ಮನ ಕೈಯ ಇಸ್ತ್ರಿಪೆಟ್ಟಿಗೆ ಕಿತ್ತು ಬದಿಗಿಟ್ಟು, ಎರಡೂ ಕೈ ಮೇಲೆತ್ತಿ ಕಿಟಕಿಯ ಚಿಲಕ ಎಳೆದಳು. ಕಂಕುಳ ಕಲೆ ಎಲ್ಲರ ಕಣ್ಣಿಗೂ ಊರಗಲ ಕಂಡಿತು.

ಕೂಲರಣ್ಣ ಕಿರುಚಿದ, “ಏಯ್, ತಂಪೆಲ್ಲ ಹೋಗುತ್ತೆ!”

“ಇಲ್ಲಿ ಯಾರೂ ತಂಪಾಗಿಲ್ಲ ಸಾರ್,” ಹುಡುಗಿಯ ದನಿ ಸಾಲಿನ ಕೊನೆಯವರೆಗೂ ಕೇಳಿತು. “ಬೆವರೋಕೂ ಮೈಯಲ್ಲಿ ತ್ರಾಣ ಇಲ್ಲದೆ ನಮ್ಮ ಚಿಕ್ಕಮ್ಮ ಬೆಂದುಹೋಗ್ತಿದ್ದಾಳೆ. ಯಜಮಾನ್ರೇ, ಆಸ್ಪತ್ರೆಗೆ ಹೋಗ್ಬೇಕು, ನಿಮ್ಮ ಕಾರಿನ ಬಾಗಿಲು ತೆಗೀರಿ!”