ಬಲಗಡೆಯ ಫೋಟೋ

ಇದು ಶುರುವಾದದ್ದು ಮಾಘದ ಚಳಿಯಲ್ಲಿ, ಬೆಳಗಿನ ಹತ್ತರ ಹೊತ್ತಿಗೆ. ನಮ್ಮ ಹಿತ್ತಾಳೆ ಪಾತ್ರೆ ಅಂಗಡಿಗೆ ವೆಬ್‌ಸೈಟ್ ಮಾಡಲು ಬಂದ ಸಬೀಹಾ, ಮಾಲೀಕರಿಬ್ಬರ ಫೋಟೋ ಅಕ್ಕಪಕ್ಕ ಹಾಕುತ್ತೇನೆ ಎಂದಳು.

“ಬಲಗಡಿ ನಂದು,” ಎಂದೆ. ಊಟದ ಪಂಕ್ತಿಯಿಂದ ಹಿಡಿದು ಸತ್ಕಾರದವರೆಗೆ ನಮ್ಮಲ್ಲಿ ಬಲಗಡೆ ಹಿರಿಯನದು. ತಮ್ಮ ಗುರುಶಾಂತ ನಕ್ಕು ಎಡಕ್ಕೆ ಒಪ್ಪಿದ.

ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿ ಹಿಗ್ಗಿದೆ. ಆದರೆ ವಾರದೊಳಗೆ ಗಿರಾಕಿಗಳೆಲ್ಲ ಮೊಬೈಲಿನಲ್ಲಿ ಮೇಲೆ ಬರುವ ತಮ್ಮನ ಫೋಟೋ ತೋರಿಸಿ, “ಈ ಸಾಹುಕಾರ್ರು ಎಲ್ಲದಾರ್ರಿ?” ಎಂದು ನನ್ನನ್ನೇ ಕೇಳತೊಡಗಿದರು. ಒಬ್ಬಾಕೆ ನನ್ನ ಕೈಗೆ ಚೀಲ ಕೊಟ್ಟು, “ತುಸು ಹಿಡ್ಕೊಳ್ರಿ ಕಾಕಾ, ಮಾಲಕರನ್ನ ಮಾತಾಡ್ಸಿ ಬರ್ತೀನಿ,” ಎಂದಳು.

ಬುಧವಾರ ಗಿರಾಕಿಗಳ ಎದುರೇ ತಮ್ಮನಿಗೆ, “ಗೊತ್ತಿದ್ದೇ ಎಡಕ್ಕ ನಿಂತಿ, ಹೌದಲ್ಲೊ? ನೀ ಇರೂತನಕ ಈ ಅಂಗಡ್ಯಾಗ ನಾ ಆಳು!” ಎಂದೆ. ಅವನು ಕೈಯಲ್ಲಿದ್ದ ತಂಬಿಗೆಯನ್ನು ಒರೆಸುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಸಬೀಹಾಳ ಬಳಿ ಹೋಗಿ, “ಅವನ್ನ ಕೆಳಗಿಳಸವ್ವ,” ಎಂದೆ.

“ಅಣ್ಣಾರ, ಮೊಬೈಲಿನ ಸಣ್ಣ ಪರದೆಯೊಳಗ ಎರಡು ಫೋಟೋ ಅಕ್ಕಪಕ್ಕ ಹಿಡಿಯೂದಿಲ್ರಿ. ಎಡಗಡೀದು ಮ್ಯಾಲ ಬರ್ತದ, ಬಲಗಡೀದು ಕೆಳಗ ಹೋಗ್ತದ. ನಿಮ್ಮ ತಮ್ಮಗೂ ಗೊತ್ತಿರ್ಲಿಲ್ಲ. ನಿನ್ನಿ ಸಂಜಿ ಫೋನ್ ಮಾಡಿ ಕೇಳಿ ತಿಳ್ಕೊಂಡ್ರು.”

“ಮತ್ತ ಈಗ ಯಾರು ಮ್ಯಾಲ?”

ಆಕೆ ಮೊಬೈಲ್ ನನ್ನ ಕಡೆ ತಿರುಗಿಸಿದಳು. ಎಷ್ಟು ಕೆಳಗೆ ಸರಿಸಿದರೂ ನಾನೊಬ್ಬನೇ ಇದ್ದೆ.

“‘ನನ್ನ ಫೋಟೋ ತಗಿ’ ಅಂತ ನಿಮ್ಮ ತಮ್ಮ ಹೇಳಿದ್ರು,” ಎಂದಳು.

ಗುರುಶಾಂತ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟದ್ದು ಅದೇ ಗುರುವಾರ, ಬೆಳಗಿನ ಮೊದಲ ಬಸ್ಸಿಗೆ.