ಹೋಲಿಸಿ ಬರೆಯಿರಿ

ಹುಳಿಯಾದ ರಬ್ಬರ್ ಹಾಲಿನ ವಾಸನೆ ಬಂದರೆ ಈಗಲೂ ನನಗೆ ಸುಳ್ಯದ ಆ ಆರನೇ ಕ್ಲಾಸು ನೆನಪಾಗುತ್ತದೆ.

ಆ ಮಧ್ಯಾಹ್ನ ಸಮಾಜ ಪಾಠದ ಮಾಷ್ಟ್ರು ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಬದಿ ಭಾರತ, ಇನ್ನೊಂದು ಬದಿ ಶ್ರೀಲಂಕಾ ಎಂದು ಬರೆದರು. ಎರಡು ದೇಶಗಳ ಭೂಮಿ, ಬೆಳೆ, ಜನ ಹೋಲಿಸಿ ಮರುದಿನ ಬರೆದು ತರಬೇಕು.

ಮತ್ತೆ ನನ್ನತ್ತ ಬೊಟ್ಟು ಮಾಡಿದರು: "ಸಿಲೋನಿನವಳು ಇಲ್ಲೇ ಇದ್ದಾಳಲ್ಲ, ಅವಳೇ ಹೇಳ್ಲಿ. ನಿಮ್ಮ ದೇಶದಲ್ಲಿ ಎಂತ ಬೆಳೆಯುದು ಮಾರಾಯ್ತಿ?"

ಕ್ಲಾಸೆಲ್ಲ ನಕ್ಕಿತು. ನಾನು ಹುಟ್ಟಿದ್ದು ಸುಳ್ಯದಲ್ಲೇ. ಅಲ್ಲಿಯವರೆಗೆ ಸಮುದ್ರವನ್ನೂ ನೋಡಿದವಳಲ್ಲ.

ಸಂಜೆ ಅದನ್ನೇ ಅಜ್ಜಿಯನ್ನು ಕೇಳಿದೆ. ರಬ್ಬರ್ ತೋಟದಿಂದ ಬಂದವಳು, ಸೀರೆಗೆ ಅಂಟಿ ಒಣಗಿದ ಹಾಲನ್ನು ಉಗುರಿನಿಂದ ಕೆರೆದು ತೆಗೆಯುತ್ತ ನಮ್ಮ ತಮಿಳಿನಲ್ಲಿ ಹೇಳಿದಳು: "ಅಲ್ಲಿ ಸಿಲೋನಿನಲ್ಲಿ ಟೀ ಕೊಯ್ದೆ, ಇಲ್ಲಿ ರಬ್ಬರ್ ಟ್ಯಾಪಿಂಗ್. ಬೆಳೆ ಅಷ್ಟೇ ಬೇರೆ."

"ಜನ?"

"ಹುಟ್ಟಿದ್ದು ಅಲ್ಲೇ ಆದರೂ ನಮ್ಮನ್ನು ಇಂಡಿಯಾದವರು ಅಂತಿದ್ದರು. ಹಾಗಂದೇ ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದರು."

ನಾನು ಪುಸ್ತಕದಲ್ಲಿ 'ಜನ' ಎಂಬಲ್ಲಿ, ಶ್ರೀಲಂಕಾದ ಕೆಳಗೆ 'ಇಂಡಿಯಾದವರು' ಎಂದೂ ಭಾರತದ ಕೆಳಗೆ 'ಸಿಲೋನಿನವರು' ಎಂದೂ ದುಂಡಗೆ ಬರೆದೆ.

ಮರುದಿನ ಮಾಷ್ಟ್ರು ಎರಡನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಬರೆದರು: 'ಅದಲುಬದಲಾಗಿದೆ.'